ಪೊಟ್ಯಾಸಿಯಂ ನೇರಳೆ

ಲೋಕ ಮುಳುಗುವುದಾದರೆ ಗುಡುಗು ಸಿಡಿಲಿನ ಸಮೇತ ಮುಳುಗುತ್ತದೆ ಎಂದು ನಂಬಿಕೊಂಡು ಬಂದವರು ನಾವು. ಮುಳುಗುವುದಕ್ಕೂ ಒಂದು ಮರ್ಯಾದೆ ಬೇಡವೇ? ಆದರೆ ಹರಿಹರದ ಹೊಳೆದಂಡೆಯ ಒಂದು ಪಿಯು ಕಾಲೇಜಿನಲ್ಲಿ ಅದು ಶುರುವಾದದ್ದು ರಸಾಯನಶಾಸ್ತ್ರದ ರಿವಿಷನ್ ಕ್ಲಾಸಿನಲ್ಲಿ. ಬರ್ನರಿನ ಉರಿಯ ಅಂಚಿಗೆ ಒಂದಿಷ್ಟು ಹಳದಿ ಕಾಣಿಸಿತು, ಮೇಷ್ಟ್ರು ಒಬ್ಬ ಹುಡುಗಿಗೆ ಬೈದರು. ಇಷ್ಟೇ.

ಮೇಷ್ಟ್ರ ಹೆಸರು ಕೊಟ್ರೇಶಪ್ಪ. ಪರೀಕ್ಷೆ ಹತ್ತಿರ ಬಂದಾಗ ಕ್ವಾಂಟಂ ಸಿದ್ಧಾಂತವನ್ನೂ ಆವರ್ತ ಕೋಷ್ಟಕವನ್ನೂ ಒಂದೇ ಕ್ಲಾಸಿನಲ್ಲಿ ಕಟ್ಟಿ ಮುಗಿಸುವುದು ಅವನ ಹೆಮ್ಮೆ. ಅದಕ್ಕೆ ಅವನಿಗೆ ಬೇಕಾದ್ದು ಒಂದು ಚಾಕ್‌ಪೀಸು, ಒಂದು ಮದುವೆ ಊಟ.

“ಪರಮಾಣು ಅಂದ್ರೆ ಊಟದ ಮನೆ ಅಂದ್ಕೊಳ್ಳಿ. ನಡುವೆ ಬಡಿಸೋನು ನಿಂತಿದ್ದಾನೆ, ಅವನೇ ನ್ಯೂಕ್ಲಿಯಸ್. ಸುತ್ತ ಪಂಕ್ತಿಗಳು. ಮೊದಲನೇ ಕ್ವಾಂಟಂ ಸಂಖ್ಯೆ ಯಾವ ಪಂಕ್ತಿ ಅಂತ ಹೇಳುತ್ತೆ. ಎರಡನೇದು ಪಂಕ್ತಿಯ ಆಕಾರ. ಮೂರನೇದು ಯಾವ ದಿಕ್ಕಿಗೆ ಹಾಸಿದ್ದಾರೆ ಅನ್ನೋದು. ನಾಲ್ಕನೇದು, ಕೂತ ಎಲೆಕ್ಟ್ರಾನು ಎಡಕ್ಕೆ ವಾಲಿದೆಯೋ ಬಲಕ್ಕೋ ಅನ್ನೋದು. ನಾಲ್ಕೂ ಸೇರಿದ್ರೆ ಒಂದು ಬಾಳೆಎಲೆ. ಒಂದು ಎಲೆಗೆ ಎಷ್ಟು ಜನ?”

“ಒಬ್ರೇ, ಸರ್,” ಎಂದಿತು ಇಡೀ ಕ್ಲಾಸು.

“ಇಬ್ಬರು ಕೂತ್ರೆ?”

“ಎಂಜಲು, ಸರ್.”

ಹುಡುಗಿಯರು ನಕ್ಕರು. ಪ್ರತಿ ವರ್ಷ ಇದೇ ಜಾಗದಲ್ಲಿ ನಗುತ್ತಿದ್ದರು, ಅವನೂ ಅದಕ್ಕೆ ಕಾಯುತ್ತಿದ್ದ. ಈ ಒಂದು ಎಂಜಲಿನ ನಿಯಮ ಇಲ್ಲದಿದ್ದರೆ ಎಲೆಕ್ಟ್ರಾನುಗಳೆಲ್ಲ ಮೊದಲ ಪಂಕ್ತಿಗೇ ನುಗ್ಗಿ, ಕಬ್ಬಿಣ ಯಾವುದು ಗಾಳಿ ಯಾವುದು ಎಂಬ ಭೇದವೇ ಇರುತ್ತಿರಲಿಲ್ಲ ಎಂದು ಹೇಳಿ ಅವನು ಕೋಷ್ಟಕದ ಕಡೆ ತಿರುಗಿದ. ಎಡದಿಂದ ಬಲಕ್ಕೆ ಹೋದಂತೆ ಬಡಿಸುವವನ ಬಲ ಹೆಚ್ಚುತ್ತದೆ, ಪಂಕ್ತಿ ಮಾತ್ರ ಅಷ್ಟೇ, ಹಾಗಾಗಿ ಮನೆ ಕುಗ್ಗುತ್ತದೆ. ಕೆಳಗಿಳಿದಂತೆ ಪಂಕ್ತಿ ಕೂಡುತ್ತದೆ, ಮನೆ ಹಿಗ್ಗುತ್ತದೆ. ಸೋಡಿಯಂಗೆ ಮೂರು ಪಂಕ್ತಿ, ಅದರ ಕೆಳಗಿನ ಪೊಟ್ಯಾಸಿಯಂಗೆ ನಾಲ್ಕು.

“ಕೊನೇ ಪಂಕ್ತಿಯವನಿಗೆ ಬಡಿಸೋನ ಮುಖಾನೇ ಕಾಣಲ್ಲ, ಒಳಗಿನವರು ಅಡ್ಡ ಕೂತಿದ್ದಾರೆ. ಅವನೇನ್ಮಾಡ್ತಾನೆ?”

“ಎದ್ದು ಹೋಗ್ತಾನೆ, ಸರ್.”

“ಎದ್ದು ಹೋದ ಮೇಲೂ ಪೊಟ್ಯಾಸಿಯಂ ಸೋಡಿಯಂಗಿಂತ ದೊಡ್ಡದೇ. ನಮ್ಮ ಮೈ ಎರಡನ್ನೂ ಗುರುತು ಹಿಡಿಯೋದು ಈ ಗಾತ್ರದಿಂದ. ಗುಂಡಿಗೆ ಒಂದೊಂದು ಸಲ ಬಡಿಯೋವಾಗಲೂ ಒಂದು ಬಾಗಿಲಲ್ಲಿ ಸೋಡಿಯಂ ಒಳಗೆ, ಇನ್ನೊಂದು ಬಾಗಿಲಲ್ಲಿ ಪೊಟ್ಯಾಸಿಯಂ ಹೊರಗೆ. ಬಾಗಿಲು ಅದಲುಬದಲಾದ್ರೆ ಮುಗೀತು.”

ಕೊನೆಗೆ ಉರಿಯ ಪರೀಕ್ಷೆ. ತಂತಿಯ ತುದಿಗೆ ಲವಣ ಅಂಟಿಸಿ ಬರ್ನರಿಗೆ ಹಿಡಿದರೆ ಲಿಥಿಯಂ ಕಡುಗೆಂಪು, ಸೋಡಿಯಂ ಹಳದಿ, ಪೊಟ್ಯಾಸಿಯಂ ನೇರಳೆ. ಮೊದಲೆರಡು ಸರಿಯಾಗಿ ಬಂದವು. ಮೂರನೆಯದನ್ನು ಹಿಡಿದವಳು ತಬಸ್ಸುಮ್ ಎಂಬ ಹುಡುಗಿ. ಹಿಡಿದವಳು ಅಲ್ಲೇ ನಿಂತಳು.

“ಸರ್, ನೇರಳೆ ಜೊತಿಗೆ ಹಳದಿ ಬರ್ತೈತೆ.”

“ಕೈ ತೊಳೆದಿದ್ದೀಯಾ?”

“ತೊಳ್ದೀನಿ ಸರ್. ತಂತೀನೂ ಆ್ಯಸಿಡ್‌ನಾಗೆ ಅದ್ದೀನಿ.”

“ಬೆವರಿನ ಕೈಯಮ್ಮ. ಬೆವರಲ್ಲಿ ಉಪ್ಪು, ಉಪ್ಪಲ್ಲಿ ಸೋಡಿಯಂ. ಉಪ್ಪಿನ ಕೈ ತಾಗಿದ್ರೆ ಹಳದಿ ಬಂದೇ ಬರುತ್ತೆ. ನೇರಳೆ ಅಂತ ಬರಿ, ಕೂತ್ಕೋ.”

ಇದು ಅವನೊಬ್ಬನ ಮಾತಲ್ಲ. ಉರಿಯಲ್ಲಿ ಹಳದಿ ಕಂಡರೆ ಉಪ್ಪಿನ ಕೈಯನ್ನು ದೂರುವುದು ರಸಾಯನಶಾಸ್ತ್ರದ ಮೇಷ್ಟ್ರುಗಳ ಕುಲಧರ್ಮ. ಅವನ ಮೇಷ್ಟ್ರು ಅವನಿಗೆ ಬೈದಿದ್ದರು, ಅವರ ಮೇಷ್ಟ್ರು ಅವರಿಗೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ನಿಜವೂ ಹೌದು. ತಬಸ್ಸುಮ್ ನೇರಳೆ ಎಂದು ಬರೆದು ಕೂತಳು.

* * *

ಕೊಟ್ರೇಶಪ್ಪನ ಮನೆಯಲ್ಲಿ ಉಪ್ಪಿನ ಡಬ್ಬಿ ಇರಲಿಲ್ಲ. ಹೆಂಡತಿ ಇಂದುಮತಿಯ ಮೂತ್ರಪಿಂಡ ಎರಡೂ ಕೈಕೊಟ್ಟು ಆರು ವರ್ಷವಾಗಿತ್ತು. ವಾರಕ್ಕೆರಡು ಸಲ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ರಕ್ತ ತೊಳೆಸಿಕೊಂಡು ಬರಬೇಕು. ಉಪ್ಪು ಕೂಡದು. ಅದಕ್ಕಿಂತ ಮುಖ್ಯವಾಗಿ ಪೊಟ್ಯಾಸಿಯಂ ಕೂಡದು. ಅಂದರೆ ಬಾಳೆಹಣ್ಣು ಇಲ್ಲ, ಟೊಮ್ಯಾಟೊ ಇಲ್ಲ, ಎಳನೀರಂತೂ ವಿಷ. ರಕ್ತದಲ್ಲಿ ಅದು ಏರಿದರೆ ಗುಂಡಿಗೆ ಹೇಳದೆ ಕೇಳದೆ ನಿಂತುಬಿಡುತ್ತದೆ.

ಅಡುಗೆಯನ್ನು ಕೊಟ್ರೇಶಪ್ಪ ತಾನೇ ವಹಿಸಿಕೊಂಡಿದ್ದ. ತರಕಾರಿ ಸಣ್ಣಗೆ ಹೆಚ್ಚಿ, ಕುದಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಕುದಿಸಿ, ಮತ್ತೆ ಚೆಲ್ಲಿ, ಆಮೇಲೆ ಒಗ್ಗರಣೆ. ಎರಡು ನೀರಿನ ಅಡುಗೆ ಎಂದು ಇಂದುಮತಿ ಅದಕ್ಕೆ ಹೆಸರಿಟ್ಟಿದ್ದಳು. ಪೊಟ್ಯಾಸಿಯಂ ಜೊತೆಗೆ ರುಚಿಯೂ ಮೋರಿಗೆ ಹೋಗುತ್ತಿತ್ತು. ಕುದಿಯುವ ನೀರು ಉಕ್ಕಿ ಗ್ಯಾಸಿನ ಮೇಲೆ ಬಿದ್ದಾಗ ಉರಿಯ ತುದಿಗೆ ತೆಳ್ಳನೆ ನೇರಳೆ ಮೂಡಿ ಮಾಯವಾಗುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಹೋಯಿತು ಶನಿ ಎಂದು ಸಮಾಧಾನಪಟ್ಟಿದ್ದ.

“ನೀವು ಮಾತ್ರ ಕಾಲೇಜಿನ ಹತ್ರ ಮಿರ್ಚಿ ತಿಂದು ಬಾಯಿ ಒರಸ್ಕೊಂಡು ಬರ್ತೀರಿ. ಮೀಸಿ ಮೇಲೆ ಮಂಡಕ್ಕಿ ಐತೆ ನೋಡ್ರಿ,” ಎನ್ನುತ್ತಿದ್ದಳು ಇಂದುಮತಿ.

ಇರುತ್ತಿರಲಿಲ್ಲ. ಆದರೂ ಅವನು ಮೀಸೆ ಮುಟ್ಟಿಕೊಳ್ಳುತ್ತಿದ್ದ.

ಅವಳು ರವಿಕೆ ಹೊಲಿಯುವವಳು. ಸೀರೆಗೆ ಹೊಂದುವ ಬಟ್ಟೆ, ಬಟ್ಟೆಗೆ ಹೊಂದುವ ಅಸ್ತರಿ, ಅಸ್ತರಿಗೆ ಹೊಂದುವ ದಾರ. ಈ ಮೂರರಲ್ಲಿ ಒಂದು ಎಳೆ ಬಣ್ಣ ಹೆಚ್ಚುಕಡಿಮೆಯಾದರೂ ಅವಳಿಗೆ ಸಮಾಧಾನವಿಲ್ಲ. ಗಿಳಿಹಸಿರಿನ ದಾರದ ಉಂಡೆಯೊಂದನ್ನು ಅಂಗಡಿಗೆ ಮೂರು ಸಲ ತಿರುಗಿ ಕಳಿಸಿದ್ದಕ್ಕೆ ಅಂಗಡಿಯವನು ಕೈ ಮುಗಿದಿದ್ದ.

“ಅಲ್ರೀ, ನಿಮ್ಮ ಪೊಟ್ಯಾಸಿಯಂ ನೇರಳೆ ಅಂತೀರಲ್ಲ, ಯಾವ ನೇರಳೆ? ಹಣ್ಣಿನ ನೇರಳೆನೋ, ಬದನೆಕಾಯಿದ್ದೋ, ಹಸಿ ಈರುಳ್ಳಿ ಸಿಪ್ಪಿದ್ದೋ?” ಎಂದು ಒಮ್ಮೆ ಕೇಳಿದ್ದಳು.

“ಪುಸ್ತಕದಾಗೆ ನೇರಳೆ ಅಂತೈತೆ.”

“ಪುಸ್ತಕಕ್ಕೆ ಕಣ್ಣಿಲ್ಲ. ನನ್ನ ಶತ್ರು ಬಣ್ಣ ನಂಗೇ ಗೊತ್ತಿಲ್ಲ ನೋಡ್ರಿ. ಒಂದ್ಸಲ ತೋರಿಸ್ರಿ.”

ತೋರಿಸೋಣ ಎಂದಿದ್ದ. ಅಡುಗೆಮನೆಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿತ್ತು. ಲ್ಯಾಬಿನ ಮೆಟ್ಟಿಲು ಹತ್ತಲು ಅವಳಿಗೆ ಆಗುತ್ತಿರಲಿಲ್ಲ. ಹಾಗೇ ಉಳಿಯಿತು.

ರಿವಿಷನ್ ಕ್ಲಾಸು ಮುಗಿದ ಆ ವಾರವೇ ಆಸ್ಪತ್ರೆಯ ಡಾಕ್ಟರ್ ವಿರೂಪಾಕ್ಷ ರಕ್ತದ ರಿಪೋರ್ಟು ನೋಡಿ ಹುಬ್ಬೇರಿಸಿದರು. ಪೊಟ್ಯಾಸಿಯಂ ಇಳಿದಿತ್ತು. ಮುಂದಿನ ವಾರ ಇನ್ನೂ ಇಳಿಯಿತು.

“ಏನು ಪಥ್ಯ ಮಾಡ್ತೀರಿ ಮೇಷ್ಟ್ರೆ, ಅತಿಯಾಯ್ತು. ಇದು ಕಮ್ಮಿಯಾದ್ರೂ ಕಷ್ಟಾನೇ. ತಿನ್ನಕ್ಕೆ ಬಿಡ್ರಿ ಅವರಿಗೆ,” ಎಂದರು.

ಆಸ್ಪತ್ರೆಯ ಗೇಟಿನ ಎದುರು ಎಳನೀರಿನ ಗಾಡಿ. ಆರು ವರ್ಷ ಅದರ ಮುಂದೆ ಮುಖ ತಿರುಗಿಸಿ ನಡೆದ ಹೆಂಗಸು ಅವತ್ತು ಗಾಡಿಯ ಎದುರು ನಿಂತು, ಗಂಜಿ ಇರುವ ಕಾಯಿಯನ್ನೇ ಆರಿಸಿ, ಸ್ಟ್ರಾ ಬೇಡವೆಂದು ಎತ್ತಿ ಕುಡಿದಳು. ಗದ್ದದಿಂದ ಇಳಿದ ನೀರು ಕುತ್ತಿಗೆಯ ತನಕ ಹರಿಯಿತು. ಒರೆಸಿಕೊಳ್ಳಲಿಲ್ಲ.

“ಇನ್ನೊಂದು ಕೆತ್ತಪ್ಪ,” ಎಂದಳು.

ಕೊಟ್ರೇಶಪ್ಪನಿಗೆ ಆ ದಿನದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಎರಡು ನೀರಿನ ಅಡುಗೆ ನಿಂತಿತು. ಉಪ್ಪೊಂದು ಬಿಟ್ಟು ಉಳಿದದ್ದೆಲ್ಲ ಮನೆಗೆ ಬಂತು.

* * *

ಮುಂದಿನ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಹೊತ್ತಿಗೆ ನೇರಳೆ ಹೆಚ್ಚುಕಡಿಮೆ ಹೋಗೇ ಬಿಟ್ಟಿತ್ತು. ಯಾವ ಸೀಸೆಯಿಂದ ತೆಗೆದರೂ ಪೊಟ್ಯಾಸಿಯಂ ಲವಣ ಹಳದಿಯಾಗಿ ಉರಿಯುತ್ತಿತ್ತು. ಹಳದಿಯನ್ನು ತಡೆಯುವ ನೀಲಿ ಗಾಜು ಹಿಡಿದು ನೋಡಿದರೆ ಆಚೆ ಬರೀ ಕತ್ತಲೆ. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಒಂದು ನಿಮಿಷ ಗಾಜು ಹಿಡಿದು, ಕೆಳಗಿಟ್ಟು, ಚಹಾ ತರಿಸಿದರು.

“ನಮ್ಮಲ್ಲೂ ಇದೇ ಹಣೆಬರಹ. ಈಗಿನ ಕೆಮಿಕಲ್ಲೇ ಕಲಬೆರಕೆ. ಮಕ್ಕಳಿಗೆ ಉತ್ತರ ಗೊತ್ತಲ್ಲ, ಬಿಡ್ರಿ.”

ಮಕ್ಕಳಿಗೆ ಉತ್ತರ ಗೊತ್ತಿತ್ತು. ಹಳದಿ ಉರಿಯನ್ನು ನೋಡುತ್ತಾ ಎಲ್ಲರೂ ನೇರಳೆ ಎಂದು ಬರೆದರು. ತಬಸ್ಸುಮ್ ಒಬ್ಬಳು ಹಳದಿ ಎಂದು ಬರೆದಳು. ಹಿಂದಿನ ವರ್ಷದ ಬೈಗುಳ ಮರೆತಿರಲಿಲ್ಲವೇನೋ, ಬರೆಯುವ ಮುಂಚೆ ಸೋಪು ಹಚ್ಚಿ ಕೈ ತೊಳೆದು ಬಂದು ಅವನ ಮುಂದೆ ಎರಡೂ ಅಂಗೈ ತೋರಿಸಿದ್ದಳು. ಕೊಟ್ರೇಶಪ್ಪ ಅವಳ ಮಾರ್ಕ್ಸು ಕಳೆದ. ಕಳೆಯುವಾಗ ಕೈ ಒಂದು ಕ್ಷಣ ತಡೆಯಿತು, ಆದರೆ ಕಳೆದ.

ಮನೆಯಲ್ಲಿ ಇಂದುಮತಿಗೆ ಕಾಲು ಏಳುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಪೆಡಲು ತುಳಿಯಲು ಆಗದೆ ರವಿಕೆಗಳು ಹಾಗೇ ರಾಶಿ ಬಿದ್ದಿದ್ದವು. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಇನ್ನೂ ಕೆಳಗೆ. ಕಡಿಮೆಯಾದ್ದರಿಂದಲೇ ಸುಸ್ತು ಎಂದು ಡಾಕ್ಟರು ಡಯಾಲಿಸಿಸ್ ದ್ರವದಲ್ಲೂ ಪೊಟ್ಯಾಸಿಯಂ ಹೆಚ್ಚಿಸಿ, ದಿನಕ್ಕೆ ಎರಡು ಬಾಳೆಹಣ್ಣು ಬರೆದುಕೊಟ್ಟರು. ಕೊಟ್ರೇಶಪ್ಪ ಪುಟ್ಟಬಾಳೆಯ ಗೊನೆಯನ್ನೇ ತಂದು ತೂಗುಹಾಕಿದ.

ನಿಜ ಸಿಕ್ಕಿಬಿದ್ದದ್ದು ಒಂದು ಮಧ್ಯಾಹ್ನ. ಇಂದುಮತಿ ಡಯಾಲಿಸಿಸ್‌ಗೆ ಹೋಗಿದ್ದಳು, ತಂಗಿಯ ಮಗಳು ಜೊತೆಗಿದ್ದಳು. ಸಂಜೆ ಬಂದಮೇಲೆ ಆಲೂಗಡ್ಡೆ ಪಲ್ಯ ಬೇಕೆಂದು ಇಂದುಮತಿ ಹೇಳಿ ಹೋಗಿದ್ದಳು. ಒಲೆಯ ಮೇಲಿಟ್ಟು ಪೇಪರು ಓದುತ್ತಾ ಕೂತಿದ್ದ ಕೊಟ್ರೇಶಪ್ಪ ಚುಂಯ್ ಎಂಬ ಸದ್ದು ಕೇಳಿ ತಲೆ ಎತ್ತಿದ. ಆಲೂಗಡ್ಡೆಯ ನೀರು ಉಕ್ಕಿ ಉರಿಗೆ ಬಿದ್ದಿತ್ತು. ಉರಿ ದಟ್ಟ ಹಳದಿಯಾಗಿತ್ತು.

ಉಪ್ಪಿನ ಕೈ, ಎಂದುಕೊಂಡಿತು ಅವನ ತಲೆ, ಅಭ್ಯಾಸಬಲದಿಂದ.

ಆಮೇಲೆ ಅವನಿಗೆ ನೆನಪಾಯಿತು, ಈ ಮನೆಯಲ್ಲಿ ಉಪ್ಪೇ ಇಲ್ಲ. ಪಾತ್ರೆಗೆ ಹಾಕಿಲ್ಲ, ಈ ಅಡುಗೆಮನೆಗೆ ಉಪ್ಪು ಕಾಲಿಟ್ಟು ವರ್ಷಗಳಾಗಿವೆ. ಇದೇ ಒಲೆ, ಇದೇ ಹೊಳೆಯ ನೀರು, ಇಷ್ಟು ವರ್ಷ ನೇರಳೆ ತೋರಿಸಿದ ಆಲೂಗಡ್ಡೆ. ಅವನು ಗೊನೆಯಿಂದ ಒಂದು ಹಣ್ಣು ಕಿತ್ತು, ಸಿಪ್ಪೆಯನ್ನು ಕರಿಕಾಗುವ ತನಕ ಸುಟ್ಟು, ಬೂದಿಯನ್ನು ಚಮಚದ ತುದಿಯಲ್ಲಿ ಉರಿಗೆ ಹಿಡಿದ. ಬಾಳೆಸಿಪ್ಪೆಯ ಬೂದಿಯೆಂದರೆ ಪೊಟ್ಯಾಸಿಯಂ. ಅದೂ ಹಳದಿ.

ಒಲೆಯ ಮುಂದೆ ನಿಂತೇ ಅವನಿಗೆ ಎಲ್ಲ ತಿಳಿಯಿತು. ಮೂವತ್ತು ವರ್ಷ ಪಾಠ ಮಾಡಿದವನಿಗೆ ತಿಳಿಯಲು ಅಷ್ಟು ಹೊತ್ತು ಬೇಕಿರಲಿಲ್ಲ, ತಿಳಿದುಕೊಳ್ಳಲು ಮನಸ್ಸಿರಲಿಲ್ಲ ಅಷ್ಟೆ. ಊಟದ ಮನೆ ಕುಗ್ಗಿದೆ. ಹೊರಗಿನ ಪಂಕ್ತಿಯವರು ಒಳಗೆ ನುಗ್ಗಿದ್ದಾರೆ, ಒಂದು ಎಲೆಗೆ ಇಬ್ಬರು ಕೂತಿದ್ದಾರೆ. ಪೊಟ್ಯಾಸಿಯಂ ಸೋಡಿಯಂನಷ್ಟೇ ಆಗಿದೆ. ಹಾಗಿದ್ದರೆ ಆಸ್ಪತ್ರೆಯ ಯಂತ್ರ? ಅದೂ ಒಂದು ಜರಡಿಯೇ, ಪೊಟ್ಯಾಸಿಯಂ ಅಳತೆಯ ತೂತಿಗೆ ಸರಿಯಾಗಿ ಕೂತದ್ದನ್ನಷ್ಟೇ ಎಣಿಸುತ್ತದೆ. ಕುಗ್ಗಿದ್ದು ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಇಂದುಮತಿಯ ರಕ್ತದಲ್ಲಿ ಅದು ಕಡಿಮೆಯಾಗಿಲ್ಲ, ತುಂಬಿ ತುಳುಕುತ್ತಿದೆ. ಮೇಲಿಂದ ಎಳನೀರು, ಬಾಳೆಹಣ್ಣು. ಈ ಹೊತ್ತಿನಲ್ಲೇ ಕೊಳವೆಯಲ್ಲಿ ಇನ್ನಷ್ಟು.

ಗ್ಯಾಸು ಆರಿಸಿದನೋ ಇಲ್ಲವೋ ಗೊತ್ತಿಲ್ಲದೆ ಅವನು ಬಸ್ ಸ್ಟ್ಯಾಂಡಿಗೆ ಓಡಿದ.

* * *

“ಮಿಷನ್ ತಪ್ಪಂತ ಹೆಂಗೆ ಹೇಳ್ತೀರಿ ಮೇಷ್ಟ್ರೆ? ದಿನಾ ಬೆಳಿಗ್ಗೆ ಚೆಕ್ ಮಾಡ್ತಾರೆ,” ಎಂದರು ಡಾಕ್ಟರ್ ವಿರೂಪಾಕ್ಷ.

“ಯಾವುದ್ರಿಂದ ಚೆಕ್ ಮಾಡ್ತಾರೆ?”

“ಕಂಪನಿಯಿಂದ ಸೀಲ್ ಆಗಿ ದ್ರಾವಣ ಬರ್ತದೆ.”

“ಆ ಸೀಲಿನ ಒಳಗಿಂದು ಹಳೇ ಪೊಟ್ಯಾಸಿಯಂ ಸರ್. ರಕ್ತದಾಗಿರೋದು ಹಳೇದಲ್ಲ. ನಿಮ್ಮ ಮಿಷನ್ನು ದಿನಾ ಬೆಳಿಗ್ಗೆ ಪುಸ್ತಕ ನೋಡಿ ಸರಿ ಉತ್ತರ ಬರೀತೈತೆ.”

ಇನ್ನೊಬ್ಬರಾಗಿದ್ದರೆ ಹೊರಗೆ ಕಳಿಸುತ್ತಿದ್ದರು. ಆದರೆ ಡಾಕ್ಟರಿಗೂ ಒಳಗೊಂದು ಮುಳ್ಳಿತ್ತು. ಇಂದುಮತಿಯ ಇಸಿಜಿ ಪಟ್ಟಿಯಲ್ಲಿ ಎರಡು ವಾರದಿಂದ ಏಳುತ್ತಿದ್ದ ಚೂಪು ಅಲೆಗಳು ಪೊಟ್ಯಾಸಿಯಂ ಏರಿದವರ ಅಲೆಗಳು. ರಿಪೋರ್ಟು ಕಡಿಮೆ ಎನ್ನುತ್ತಿದ್ದುದರಿಂದ ಅವರು ಪಟ್ಟಿಯನ್ನೇ ಅನುಮಾನಿಸಿದ್ದರು. ಈಗ ಮೇಷ್ಟ್ರನ್ನು ಒಂದು ಗಳಿಗೆ ನೋಡಿ, ಎದ್ದು ಹೋಗಿ ಕೊಳವೆಯ ದ್ರವ ಬದಲಿಸಲು ಹೇಳಿದರು. ಆ ಸಲ ಇಂದುಮತಿ ಉಳಿದಳು.

ತಿಂಗಳೊಪ್ಪತ್ತಿನಲ್ಲಿ ಜಗತ್ತಿಗೇ ಗೊತ್ತಾಯಿತು. ಎಲ್ಲೋ ದೂರದ ಪ್ರಯೋಗಶಾಲೆಯೊಂದರಲ್ಲಿ ಬ್ಯಾಟರಿಗೆಂದು ಪೊಟ್ಯಾಸಿಯಂ ಕುಗ್ಗಿಸಲು ಹೊರಟಿದ್ದರು. ಕುಗ್ಗಿತು. ಬೀಕರು ತೊಳೆದ ನೀರು ಮೋರಿಗೆ ಹೋಯಿತು. ಕುಗ್ಗಿದ ಒಂದು ಕಣ ಪಕ್ಕದ ಕಣಕ್ಕೆ ತಾಗಿದರೆ ಅದೂ ಕುಗ್ಗುತ್ತದೆ ಎಂಬುದು ಅವರಿಗೆ ಆಗ ಗೊತ್ತಿರಲಿಲ್ಲ. ಹೊಳೆ, ಕಡಲು, ಗೊಬ್ಬರ, ಪೈರು, ಹಾಲು, ಬೆವರು. ಕೈಯಿಂದ ಕೈಗೆ ಅದು ಲೋಕ ಸುತ್ತಿತು. ತಬಸ್ಸುಮ್‌ಳ ತಂತಿಗೆ ಕೈ ತಾಗಿದ್ದು ನಿಜವೇ, ಆದರೆ ಅದು ಉಪ್ಪಿನ ಕೈಯಲ್ಲ, ಕುಗ್ಗಿದ ಪೊಟ್ಯಾಸಿಯಂನದು.

ಇಂದುಮತಿಗೆ ಅವನು ಇದನ್ನು ಹೆಪ್ಪಿನ ಲೆಕ್ಕದಲ್ಲಿ ಹೇಳಿದ. ಹಾಲಿಗೆ ಒಂದು ಹನಿ ಮಜ್ಜಿಗೆ ಬಿದ್ದಂತೆ.

“ಮೊಸರು ತಿರುಗಿ ಹಾಲಾಗಲ್ಲ ಅಲ್ಲೇನ್ರಿ?” ಎಂದಳು.

“ಇಲ್ಲ.”

“ಹಂಗಾದ್ರೆ ಎಲ್ಲಾರದ್ದೂ ಅಷ್ಟೇ. ನಾನು ಮೊದಲನೇ ಪಂಕ್ತಿ, ನೀವು ಎರಡನೇದು.”

ಅವನು ಮತ್ತೆ ಎರಡು ನೀರಿನ ಅಡುಗೆ ಹಿಡಿದ. ಗೊನೆಯ ಹಣ್ಣೆಲ್ಲ ಬೀದಿಯ ದನಕ್ಕೆ ಹೋಯಿತು. ದನವೂ ಅದರ ಮುಂದೆ ಮಲಗಿಯೇ ತಿಂದಿತು.

ಊರು ನಿಧಾನವಾಯಿತು. ಜನ ಒಂದೇ ಸಲ ಸಾಯಲಿಲ್ಲ, ಮೊದಲು ದಣಿದರು. ಸ್ನಾಯುಗಳಿಗೆ ಯಾವ ಬಾಗಿಲಲ್ಲಿ ಯಾರು ಎಂಬುದು ಮರೆಯುತ್ತಾ ಬಂತು. ಊಟ ಆದಮೇಲೆ ಕೈ ತೊಳೆಯಲು ಏಳಲಾಗದೆ ಕೂತಲ್ಲೇ ತಟ್ಟೆಯಲ್ಲಿ ತೊಳೆದರು. ಬಸ್ಸುಗಳು ಮಧ್ಯಾಹ್ನ ಒಂದು ಹೊತ್ತು ಓಡಿದವು, ಡ್ರೈವರಿಗೆ ಗೇರು ಹಾಕಿಕೊಡಲು ಒಬ್ಬ ಪಕ್ಕದಲ್ಲಿ ಕೂತ. ಮದುವೆಗಳಲ್ಲಿ ವಧೂವರರು ಮಲಗಿಕೊಂಡೇ ಹಾರ ಹಾಕಿಸಿಕೊಂಡರು. ಎದುರಾದವರು ಊಟ ಆಯ್ತಾ ಎಂದು ಕೇಳುವುದು ಬಿಟ್ಟು, ಕೈ ಎತ್ತಕ್ಕಾಗ್ತೈತಾ ಎಂದು ಕೇಳತೊಡಗಿದರು. ವಯಸ್ಸಾದವರು, ಎಳೆಗೂಸುಗಳು, ಡಯಾಲಿಸಿಸ್ ಕುರ್ಚಿಯವರು ಒಬ್ಬೊಬ್ಬರಾಗಿ ಹೋದರು. ಔಷಧಿಯ ಸುದ್ದಿ ವಾರಕ್ಕೊಂದು ಬರುತ್ತಿತ್ತು, ವಾರದೊಳಗೆ ಸುಳ್ಳಾಗುತ್ತಿತ್ತು. ಜೀವವಿರುವ ಪ್ರತಿ ಕಣದಲ್ಲೂ ಇರುವುದನ್ನು ಎಲ್ಲಿಂದ ತೆಗೆದು ಎಲ್ಲಿಗೆ ಚೆಲ್ಲುವುದು?

ಇಷ್ಟಾದರೂ ಪರೀಕ್ಷೆ ನಿಲ್ಲಲಿಲ್ಲ. ಪರೀಕ್ಷೆ ನಿಂತರೆ ಲೋಕ ನಿಂತಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ. ಹೊಸ ಪಠ್ಯಪುಸ್ತಕ ಅಚ್ಚಾಗುವ ತನಕ ಹಳೆಯ ಕೋಷ್ಟಕದ ಉತ್ತರಗಳೇ ಸರಿ ಎಂದು ಮೇಲಿನಿಂದ ಆದೇಶ ಬಂತು. ಮಾರ್ಕ್ಸು ಕಡಿಮೆಯಾಗಿ ಮತ್ತೆ ಪರೀಕ್ಷೆಗೆ ಕೂತಿದ್ದ ತಬಸ್ಸುಮ್ ಕಾಲೇಜಿನ ಗೇಟಿಗೆ ಒರಗಿ ಅವನಿಗಾಗಿ ಕಾದಿದ್ದಳು. ನಿಲ್ಲುವ ಶಕ್ತಿ ಅವಳಿಗೂ ಇರಲಿಲ್ಲ.

“ಸರ್, ಈ ಸಲ ಏನಂತ ಬರೀಲಿ?”

ತಪ್ಪಾಯಿತಮ್ಮ ಎನ್ನಬೇಕೆಂದು ಅವನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ.

“ನೇರಳೆ ಅಂತಲೇ ಬರಿ. ಪಾಸಾಗ್ತೀಯ,” ಎಂದ.

ಆಕೆ ತಲೆಯಾಡಿಸಿದಳು. ಅವಳು ಅವನ ಕಣ್ಣು ತಪ್ಪಿಸಲಿಲ್ಲ, ಅವನೇ ತಪ್ಪಿಸಿದ.

* * *

ಡಯಾಲಿಸಿಸ್ ನಿಂತಿತು. ಯಂತ್ರ ನಡೆಸುವವರಿಗೇ ಎದ್ದು ನಿಲ್ಲಲಾಗುತ್ತಿರಲಿಲ್ಲ. ಇನ್ನು ಮನೆಯಲ್ಲೇ ಇರಿ ಎಂದು ಡಾಕ್ಟರ್ ವಿರೂಪಾಕ್ಷ ಫೋನಿನಲ್ಲಿ ಹೇಳಿದರು, ಹೇಳಿ ಬಹಳ ಹೊತ್ತು ಫೋನು ಇಡಲಿಲ್ಲ.

ಇಂದುಮತಿ ನಡುಮನೆಯ ಮಂಚದಲ್ಲಿ ಮಲಗಿದ್ದಳು. ಕೊಟ್ರೇಶಪ್ಪ ಕೆಳಗೆ ಗೋಡೆಗೊರಗಿ ಕೂತಿದ್ದ. ಹೇಳಬೇಕಾದ್ದನ್ನು ಅವತ್ತು ಹೇಳಿಯೇ ಬಿಟ್ಟ.

“ಆ ಹುಡುಗಿ ಮೊದಲೇ ಹೇಳಿದ್ಲು ಇಂದೂ. ಕೇಳಿದ್ರೆ ಆ ಎಳನೀರು ನಿಂಗೆ ಕುಡಿಸ್ತಿರ್ಲಿಲ್ಲ. ಬಾಳೆಹಣ್ಣು ಕೊಡ್ತಿರ್ಲಿಲ್ಲ. ಒಂದಿಷ್ಟು ದಿನ ಗಟ್ಟಿ ಇರ್ತಿದ್ದೆ ನೀನು.”

“ಆ ಎಳನೀರನ್ನ ತಪ್ಪು ಅನ್ಬ್ಯಾಡ್ರಿ. ಎರಡು ನೀರಿನ ಪಲ್ಯ ತಿಂದ್ಕೊಂಡು ಇನ್ನೊಂದಿಷ್ಟು ದಿನ ಇದ್ದು ಏನ್ ಕಡಿದು ಕಟ್ಟೆ ಹಾಕ್ತಿದ್ದೆ?” ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದಳು. “ನನ್ನ ಬಣ್ಣ ತೋರ್ಸಲೇ ಇಲ್ಲ ನೀವು.”

“ಅದೀಗ ಲೋಕದಾಗೇ ಇಲ್ಲ.”

“ಸೀಲ್ ಆಗಿದ್ರೊಳಗೆ ಐತೆ ಅಂದಿದ್ರಿ ಡಾಕ್ಟರ ಹತ್ರ.”

ಹೌದು. ಲ್ಯಾಬಿನ ಕಪಾಟಿನ ಹಿಂದಿನ ಸಾಲಿನಲ್ಲಿ, ಅವನಿಗಿಂತ ಮುಂಚೆ ಅಲ್ಲಿದ್ದ ಮೇಷ್ಟ್ರು ತರಿಸಿ ಮರೆತ ಪೊಟ್ಯಾಸಿಯಂ ಕ್ಲೋರೈಡಿನ ಒಂದು ಸೀಸೆ, ಅರಗಿನ ಮೊಹರು ಒಡೆಯದೆ ಹಾಗೇ ಇತ್ತು. ಅವನು ಎದ್ದ. ಮನೆಯಿಂದ ಕಾಲೇಜಿಗೆ ಕೂಗಳತೆಯ ದೂರ. ಬೆಳಿಗ್ಗೆ ಹೋದವನು ಅಲ್ಲಲ್ಲಿ ಕೂತು, ಮೆಟ್ಟಿಲನ್ನು ಕೈಯೂರಿ ಹತ್ತಿ, ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ತಿರುಗಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಜೊತೆಗೆ ಒಂದು ಹೊಸ ತಂತಿ ತಂದಿದ್ದ.

ಮಂಚವನ್ನು ಅಡುಗೆಮನೆಯ ಬಾಗಿಲಿನ ತನಕ ಎಳೆದ. ಒಂದು ಗೇಣು ಎಳೆಯುವುದು, ಕೂರುವುದು, ಮತ್ತೆ ಒಂದು ಗೇಣು. ಕಿಟಕಿ ಮುಚ್ಚಿ ಕತ್ತಲು ಮಾಡಿದ. ಉಸಿರು ತಾಗದಿರಲೆಂದು ಮೂಗು ಬಾಯಿಗೆ ಪಂಚೆ ಕಟ್ಟಿಕೊಂಡ. ತಂತಿಯನ್ನು ಉರಿಯಲ್ಲಿ ಕೆಂಪಾಗುವಂತೆ ಕಾಯಿಸಿದ, ಬಣ್ಣವಿಲ್ಲದ ಉರಿ ಬರುವ ತನಕ ಕಾಯಿಸಿದ. ಆಮೇಲೆ ಚಾಕುವಿನಿಂದ ಅರಗು ಕೆತ್ತಿದ. ಮುಚ್ಚಳ ಬಿಗಿಯಾಗಿತ್ತು, ತೆಗೆಯುವ ಶಕ್ತಿ ಬರಲಿಲ್ಲ. ಮತ್ತೆ ಮತ್ತೆ ತಿರುಗಿಸಿದ, ಅಂಗೈ ಬೆವರಿತು. ಮುಚ್ಚಳ ಒಮ್ಮೆಲೇ ಬಿಚ್ಚಿಕೊಂಡು ಸೀಸೆ ಜಾರಿತು. ಬೀಳದಂತೆ ಅವನು ಅದರ ಬಾಯಿಯ ಮೇಲೇ ಕೈ ಒತ್ತಿ ಹಿಡಿದ. ಬಿಳಿ ಪುಡಿ ಬೆವರಿನ ಅಂಗೈಗೆ ಅಂಟಿತು.

ಒಂದು ಕ್ಷಣ ಅವನು ಹಾಗೇ ನಿಂತ. ಎಷ್ಟು ವರ್ಷ, ಎಷ್ಟು ಹುಡುಗಿಯರಿಗೆ ಬೈದಿದ್ದ, ಕೈ ತೊಳೆದಿದ್ದೀಯಾ ಎಂದು.

“ಆಯ್ತೇನ್ರಿ?” ಎಂದಳು ಇಂದುಮತಿ ಬಾಗಿಲಿನಿಂದ. ದನಿ ತೀರ ಸಣ್ಣದಾಗಿತ್ತು. ಕಣ್ಣು ಮಾತ್ರ ಅಗಲವಾಗಿ ತೆರೆದು ಒಲೆಯನ್ನೇ ನೋಡುತ್ತಿದ್ದಳು.

ತಡಮಾಡಿದಷ್ಟೂ ಒಳಗಿನದೂ ಕೆಡುತ್ತದೆ. ಅವನು ತಂತಿಯನ್ನು ಸೀಸೆಯ ತಳದ ತನಕ ಇಳಿಸಿ, ಕೈ ತಾಗದ ಪುಡಿ ಅಲ್ಲಾದರೂ ಉಳಿದಿರಲಿ ಎಂದು ಬೇಡಿಕೊಂಡು, ಮೇಲೆತ್ತಿ ಉರಿಗೆ ಹಿಡಿದ.

ಉರಿ ಹಳದಿಯಾಗಿ ಎದ್ದಿತು. ಅಡುಗೆಮನೆಯ ಗೋಡೆ, ತೂಗುಹಾಕಿದ್ದ ಖಾಲಿ ಬಾಳೆಗೊನೆಯ ದಂಟು, ಮಂಚದ ಮೇಲಿನ ಅವಳ ಮುಖ ಎಲ್ಲವೂ ಆ ಹಳದಿಯಲ್ಲಿ ಕಂಡವು. ಅಂಚಿನಲ್ಲಾದರೂ, ಒಂದು ಎಳೆಯಾದರೂ ಇದೆಯೇ ಎಂದು ಅವನು ಬಗ್ಗಿ ಹುಡುಕಿದ. ಇರಲಿಲ್ಲ.

ಅವನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಗಿಳಿಹಸಿರಿಗೂ ಎಲೆಹಸಿರಿಗೂ ಒಂದು ಎಳೆ ವ್ಯತ್ಯಾಸವಾದರೆ ಅಂಗಡಿಗೆ ತಿರುಗಿ ಕಳಿಸುತ್ತಿದ್ದ ಹೆಂಗಸು ಅವಳು.

“ಕಾಣ್ತಾ ಇಂದೂ?” ಎಂದ, ಬೆನ್ನು ಹಾಕಿಕೊಂಡೇ.

“ಕಾಣ್ತು ರೀ.”

“ಯಾವ ಬಣ್ಣ?”

“ನೇರಳೆ,” ಎಂದಳು ಇಂದುಮತಿ. ಹಣ್ಣಿನದ್ದು ಎನ್ನಲಿಲ್ಲ, ಬದನೆಕಾಯಿದ್ದು ಎನ್ನಲಿಲ್ಲ. “ಪುಸ್ತಕದಾಗೆ ಹೇಳಿದಂಗೇ ಐತೆ.”

ಕೊಟ್ರೇಶಪ್ಪ ತಂತಿ ಹಿಡಿದ ಕೈಯನ್ನು ಮೆಲ್ಲಗೆ ಇಳಿಸಿದ.

“ಪೂರ್ತಿ ಮಾರ್ಕ್ಸು,” ಎಂದು ಹೇಳಿ ಗ್ಯಾಸು ಆರಿಸಿದ.